ಬೇಲಿಯೇ ಎದ್ದು ಹೊಲ ಮೇಯ್ದಾಗ: ಜಠರದ ಕ್ಯಾನ್ಸರು ಮತ್ತು ಬಿಳಿ ರಕ್ತಕಣಗಳ ಚರಿತ್ರೆ

‘ಗ್ಯಾಸ್ಟ್ರಿಕ್’ ಎಂಬುದು ಕನ್ನಡದ ಮನೆಮಾತಾಗಿ ಬಹಳ ಕಾಲವಾಯಿತು. ಊಟ ತಡವಾದರೆ ಗ್ಯಾಸ್ಟ್ರಿಕ್, ಮದುವೆಮನೆಯಲ್ಲಿ ಎರಡು ಹೋಳಿಗೆ ಹೆಚ್ಚಾಗಿ ತಿಂದರೂ ಗ್ಯಾಸ್ಟ್ರಿಕ್. ಅಸಲಿಗೆ ಆ ಇಂಗ್ಲಿಷ್ ಪದದ ಅರ್ಥ ‘ಜಠರಕ್ಕೆ ಸಂಬಂಧಿಸಿದ್ದು’ ಎಂದಷ್ಟೇ. ಅದು ಯಾವ ರೋಗದ ಹೆಸರೂ ಅಲ್ಲ. ಆದರೆ ಆ ಒಂದು ಪದದ ಚೀಲದೊಳಗೆ ನಾವು ತುಂಬಿಡುವ ಹತ್ತಾರು ತೊಂದರೆಗಳ ನಡುವೆ, ಅಪರೂಪಕ್ಕಾದರೂ, ಜಠರದ ಕ್ಯಾನ್ಸರ್ ಅಡಗಿ ಕುಳಿತಿರುತ್ತದೆ. 2022ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 9.7 ಲಕ್ಷ ಜನರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು, ಸುಮಾರು 6.6 ಲಕ್ಷ ಜನ ಇದಕ್ಕೆ ಬಲಿಯಾದರು. ಹೆಚ್ಚಿನವರಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ರೋಗದ ಹುಟ್ಟಿನಲ್ಲಿ ನಮ್ಮ ದೇಹದ ಕಾವಲುಗಾರರ ಪಾತ್ರವೇನು ಎಂಬುದು ಇಲ್ಲಿಯ ವಿಷಯ. ಕಾವಲುಗಾರರೆಂದರೆ ಬಿಳಿ ರಕ್ತಕಣಗಳು. ಅವುಗಳಲ್ಲಿಯೂ, ಯಾವ ಲಸಿಕೆಯ ಪಾಠವೂ ಬೇಕಿಲ್ಲದೆ, ಹುಟ್ಟಿನಿಂದಲೇ ಹೋರಾಡಲು ಬಲ್ಲ ಕಣಗಳು. ವಿಜ್ಞಾನಿಗಳು ಇದನ್ನು ಜನ್ಮಜಾತ ರೋಗನಿರೋಧಕ ಶಕ್ತಿ ಎನ್ನುತ್ತಾರೆ. ಒಮ್ಮೆ ಬಂದ ಶತ್ರುವಿನ ಮುಖವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಗುರಿಯಿಟ್ಟು ಹೊಡೆಯುವ ಕಣಗಳು ಬೇರೆ; ಅವು ತರಬೇತಿ ಪಡೆದ ಸೈನ್ಯ. ಇವೋ ಊರ ತಳವಾರರಿದ್ದಂತೆ. ಗದ್ದಲ ಕೇಳಿದ ಕಡೆಗೆ ಮೊದಲು ಓಡಿಬರುವವು ಇವೇ.

ಕಥೆ ಆರಂಭವಾಗುವುದು ಬರ್ಲಿನ್ನಿನಲ್ಲಿ. ರೋಗವೆಂಬುದು ಜೀವಕೋಶಗಳಲ್ಲಿ ನೆಲೆಸುತ್ತದೆ ಎಂದು ಸಾರಿದ ರುಡಾಲ್ಫ್ ವಿರ್ಶೋ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯಲೋಕದ ಚಕ್ರವರ್ತಿಯೇ ಆಗಿದ್ದರು. ಕ್ಯಾನ್ಸರ್ ಗಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ನೋಡುವಾಗ ಅವುಗಳ ನಡುವೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಅವರು ಗಮನಿಸಿದರು. 1863ರ ಸುಮಾರಿಗೆ ಅವರು ಮಂಡಿಸಿದ ವಾದ ಹೀಗಿತ್ತು: ಬಹಳ ಕಾಲ ಕೆರಳಿಕೆಗೆ ಒಳಗಾದ, ಉರಿಯೂತ ಆರದ ಜಾಗದಲ್ಲಿಯೇ ಗಡ್ಡೆ ಹುಟ್ಟುತ್ತದೆ. ಉರಿಯೂತವೆಂದರೆ ನಿಮಗೆ ಗೊತ್ತಿರುವುದೇ: ಬೆರಳಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯುವುದು. ವಿರ್ಶೋ ಮತ್ತು ಅವರ ಕಾಲದ ಬಹುಪಾಲು ವೈದ್ಯರ ಕಣ್ಣಿಗೆ ಇದು ರೋಗದ ಭಾಗವೇ ಹೊರತು ರಕ್ಷಣೆಯಲ್ಲ. ಬಿಳಿ ಕಣಗಳೇ ರೋಗಾಣುಗಳನ್ನು ದೇಹದ ತುಂಬ ಹೊತ್ತು ತಿರುಗುತ್ತವೆ ಎಂದು ನಂಬಿದವರೂ ಇದ್ದರು.

ಆ ಮುಳ್ಳನ್ನೇ ಹಿಡಿದು ಎದುರುವಾದ ಹೂಡಿದವರು ಇಲ್ಯಾ ಮೆಚ್ನಿಕಾಫ್. ಇವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಒಡೆಸ್ಸಾದ ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟು, 1882ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದ ಕಡಲ ದಂಡೆಯಲ್ಲಿ ಬಿಡಾರ ಹೂಡಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರಂತೆ. ಇವರು ಒಬ್ಬರೇ ಕುಳಿತು ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಗಾಜಿನಷ್ಟು ಪಾರದರ್ಶಕವಾದ ಆ ಜೀವಿಯೊಳಗೆ ಕೆಲವು ಕಣಗಳು ಅತ್ತಿತ್ತ ಹರಿದಾಡುತ್ತಿದ್ದವು. ಇವು ದೇಹದ ರಕ್ಷಣೆಗೆ ಇರಬಹುದೇ ಎಂಬ ಯೋಚನೆ ಹೊಳೆಯಿತು. ಹಾಗಿದ್ದರೆ ಮುಳ್ಳು ಚುಚ್ಚಿದಲ್ಲಿಗೆ ಇವು ಬಂದು ಮುತ್ತಬೇಕಲ್ಲ! ಮನೆಯ ತೋಟಕ್ಕೆ ಹೋಗಿ ಗುಲಾಬಿ ಮುಳ್ಳುಗಳನ್ನು ಕಿತ್ತು ತಂದು ಮರಿಗಳ ಚರ್ಮದಡಿ ಚುಚ್ಚಿಟ್ಟರು. ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗೆದ್ದು ನೋಡಿದರೆ ಮುಳ್ಳಿನ ಸುತ್ತ ಕಣಗಳ ಮುತ್ತಿಗೆ.

ವೈರಿಯನ್ನು ನುಂಗುವ ಈ ಕಣಗಳಿಗೆ ‘ಫ್ಯಾಗೋಸೈಟ್’, ಅಂದರೆ ಭಕ್ಷಕ ಕಣ, ಎಂಬ ಗ್ರೀಕ್ ಮೂಲದ ಹೆಸರು ಬಂತು. ಅವುಗಳಲ್ಲಿ ದೊಡ್ಡವನ್ನು ಮೆಚ್ನಿಕಾಫ್ ‘ಮ್ಯಾಕ್ರೋಫೇಜ್’, ಅಂದರೆ ಮಹಾಭಕ್ಷಕ, ಎಂದು ಕರೆದರು. ಮುಂದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ನೆಲೆಸಿ, ಉರಿಯೂತವು ರೋಗವಲ್ಲ, ರೋಗದ ವಿರುದ್ಧ ದೇಹ ಹೂಡುವ ಯುದ್ಧ ಎಂದು ಜೀವನಪೂರ್ತಿ ವಾದಿಸಿದರು. 1908ರಲ್ಲಿ ಪೌಲ್ ಎರ್ಲಿಖ್ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. (ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳೇ ಮುಪ್ಪನ್ನು ತರುತ್ತವೆ, ಮೊಸರು ಅದಕ್ಕೆ ಮದ್ದು ಎಂದು ಪ್ರಚಾರ ಮಾಡಿದ ಮಹನೀಯರೂ ಇವರೇ. ಮೊಸರನ್ನವಿಲ್ಲದೆ ಊಟ ಮುಗಿಸದ ನಮ್ಮವರಿಗೆ ಅವರ ಮೇಲೆ ಪ್ರೀತಿ ಹುಟ್ಟಲು ಅಷ್ಟು ಸಾಕು.)

ಹೀಗೆ ಎರಡು ಮಾತು ಎದುರುಬದುರಾಗಿ ನಿಂತವು. ಉರಿಯೂತ ಗಡ್ಡೆಯನ್ನು ಹುಟ್ಟಿಸುತ್ತದೆ ಎಂದವರು ವಿರ್ಶೋ. ಉರಿಯೂತ ನಮ್ಮನ್ನು ಕಾಯುತ್ತದೆ ಎಂದವರು ಮೆಚ್ನಿಕಾಫ್. ಇಬ್ಬರ ಮಾತೂ ನಿಜವಾಗಬಲ್ಲ ಜಾಗವೊಂದು ಮನುಷ್ಯನ ದೇಹದಲ್ಲಿದೆ, ಅದು ಜಠರ ಎಂದು ಗೊತ್ತಾಗಲು ಸುಮಾರು ನೂರು ವರ್ಷ ಬೇಕಾಯಿತು.

ಈ ನಡುವೆ ಶಸ್ತ್ರವೈದ್ಯರು ಸುಮ್ಮನೆ ಕುಳಿತಿರಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್ರೋತ್ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು ರೋಗಿಯನ್ನು ಬದುಕಿಸಿದರು. ಆ ಮಹಿಳೆ ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡರೂ ಕೆಲವು ತಿಂಗಳಲ್ಲಿ ಕ್ಯಾನ್ಸರ್ ಮರಳಿ ಬಂದು ತೀರಿಕೊಂಡರು. ಕತ್ತರಿ ಎಷ್ಟೇ ಹರಿತವಾದರೂ ರೋಗದ ಮೂಲ ಗೊತ್ತಿರಲಿಲ್ಲ.

ಮೂಲ ಹುಡುಕಲು ಹೊರಟವರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಅವರ ಕಥೆ ವಿಚಿತ್ರವಾದದ್ದು. ಜಿರಳೆಯ ಮೂಲಕ ಇಲಿಯ ಹೊಟ್ಟೆ ಸೇರುವ ಒಂದು ಹುಳು ಜಠರದ ಕ್ಯಾನ್ಸರ್ ತರುತ್ತದೆ ಎಂದು ಅವರು 1913ರಲ್ಲಿ ಪ್ರಕಟಿಸಿದರು. 1926ರ ನೊಬೆಲ್ ಪ್ರಶಸ್ತಿಯೂ ದೊರೆಯಿತು. ಅವರು ಕ್ಯಾನ್ಸರ್ ಎಂದು ತಿಳಿದದ್ದು ನಿಜವಾದ ಕ್ಯಾನ್ಸರ್ ಅಲ್ಲ, ಮುಖ್ಯವಾಗಿ ಎ ವಿಟಮಿನ್ ಕೊರತೆಯಿಂದ ಆದ ಬದಲಾವಣೆ ಎಂದು ಆಮೇಲೆ ತಿಳಿಯಿತು. ಅದೇ ವೇಳೆಗೆ ವಿರ್ಶೋ ಅವರ ಬಳಿ ಕಲಿತು ಹೋಗಿದ್ದ ಜಪಾನಿನ ಯಾಮಾಗಿವಾ, ಸಹಾಯಕ ಇಚಿಕಾವಾ ಜೊತೆ ಸೇರಿ, ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಬಳಿದು ಬಳಿದು 1915ರಲ್ಲಿ ನಿಜವಾದ ಕ್ಯಾನ್ಸರನ್ನೇ ತರಿಸಿ ತೋರಿಸಿದ್ದರು. ಬಹುಮಾನ ಮಾತ್ರ ಅವರಿಗೆ ಬರಲಿಲ್ಲ. ಫಿಬಿಗರ್ ಅವರ ತಪ್ಪನ್ನು ಎತ್ತಿ ನಗುವವರು ಬಹಳ. ನನಗೆ ಅನಿಸುವುದು, ಪರೋಪಜೀವಿಯೊಂದು ಜಠರದಲ್ಲಿ ನೆಲೆಸಿ ಕ್ಯಾನ್ಸರಿಗೆ ದಾರಿ ಮಾಡಬಹುದು ಎಂಬ ಅವರ ಊಹೆಯ ದಿಕ್ಕು ಸರಿಯಾಗಿತ್ತು. ಅಪರಾಧಿ ಮಾತ್ರ ಹುಳುವಾಗಿರಲಿಲ್ಲ, ಅದಕ್ಕಿಂತ ಬಹಳ ಚಿಕ್ಕದಾಗಿತ್ತು.

ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ, ಅಲ್ಲಿ ಯಾವ ಬ್ಯಾಕ್ಟೀರಿಯಾವೂ ಬಾಳಲಾರದು ಎಂದು ವೈದ್ಯ ಪುಸ್ತಕಗಳು ಹೇಳುತ್ತಿದ್ದವು. ಸುರುಳಿ ಆಕಾರದ ಜೀವಿಗಳನ್ನು ಇಟಲಿಯ ಬಿಜ್ಜೊಜೆರೊ 1893ರಲ್ಲಿಯೇ ನಾಯಿಯ ಜಠರದಲ್ಲಿ ಕಂಡಿದ್ದರು. ಆದರೆ 1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ ಸಾವಿರಕ್ಕೂ ಹೆಚ್ಚು ರೋಗಿಗಳ ಜಠರದ ತುಣುಕುಗಳನ್ನು ಪರೀಕ್ಷಿಸಿ ಏನೂ ಇಲ್ಲವೆಂದು ಬರೆದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

1979ರ ಜೂನ್ ತಿಂಗಳು. ಆಸ್ಟ್ರೇಲಿಯಾದ ಪರ್ತ್ ನಗರದ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞ ರಾಬಿನ್ ವಾರನ್ ಜಠರದ ಒಂದು ತುಣುಕನ್ನು ನೋಡುತ್ತಿದ್ದರು. ಲೋಳೆಯ ಪದರದಲ್ಲಿ ಅಸಂಖ್ಯ ಬಾಗಿದ ಕಡ್ಡಿಗಳಂಥ ಜೀವಿಗಳು. ಜೊತೆಗಿದ್ದವರಿಗೆ ಅದು ಮುಖ್ಯವೆನಿಸಲಿಲ್ಲ. ವಾರನ್ ಪಟ್ಟು ಬಿಡದಿರಲು ಕಾರಣವಿತ್ತು. ಆ ಜೀವಿಗಳು ಎಲ್ಲಿವೆಯೋ ಅಲ್ಲೆಲ್ಲ, ಜಠರದ ಒಳಪದರದೊಳಕ್ಕೆ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ನುಗ್ಗಿದ್ದವು. ನ್ಯೂಟ್ರೊಫಿಲ್ ಎಂದರೆ ನಮ್ಮ ರಕ್ತದ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇರುವ ಕಣ. ಗಾಯದ ಕೀವಿನಲ್ಲಿ ತುಂಬಿರುವುದು ಅದೇ. ಸತ್ತ ಮೇಲೆ ಅಥವಾ ಪರೀಕ್ಷೆಯ ವೇಳೆ ಹೊರಗಿನಿಂದ ಸೇರಿಕೊಂಡ ಬ್ಯಾಕ್ಟೀರಿಯಾ ಆಗಿದ್ದರೆ ತಳವಾರರು ಹೀಗೆ ಓಡಿಬರುತ್ತಿರಲಿಲ್ಲ. ಚರಿತ್ರೆ ಬರೆಯುವವರು ಬ್ಯಾಕ್ಟೀರಿಯಾದ ಶೋಧವನ್ನು ಕೊಂಡಾಡುತ್ತಾರೆ. ಆ ಬ್ಯಾಕ್ಟೀರಿಯಾ ಬರಿಯ ದಾರಿಹೋಕನಲ್ಲ ಎಂದು ಸಾಕ್ಷಿ ನುಡಿದದ್ದು ಮೆಚ್ನಿಕಾಫರ ಭಕ್ಷಕ ಕಣಗಳು ಎಂಬುದನ್ನು ಮರೆಯುತ್ತಾರೆ.

1981ರಲ್ಲಿ ತರುಣ ವೈದ್ಯ ಬ್ಯಾರಿ ಮಾರ್ಷಲ್ ವಾರನ್ ಅವರ ಜೊತೆಗೂಡಿದರು. ಮರುವರ್ಷ ಈಸ್ಟರ್ ರಜೆಯ ದೆಸೆಯಿಂದ ಪ್ರಯೋಗಾಲಯದ ತಟ್ಟೆಗಳು ಎರಡು ದಿನಕ್ಕೆ ಬದಲು ಐದು ದಿನ ಹಾಗೆಯೇ ಉಳಿದವು. ನಿಧಾನವಾಗಿ ಬೆಳೆಯುವ ಆ ಬ್ಯಾಕ್ಟೀರಿಯಾ ಕಣ್ಣಿಗೆ ಬಿತ್ತು. ಅದನ್ನೇ ನಾವು ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎನ್ನುತ್ತೇವೆ. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಬಾಯಿಯ ದುರ್ವಾಸನೆ. ಸುಮಾರು ಹತ್ತನೆಯ ದಿನ ಎಂಡೋಸ್ಕೋಪ್ ಇಳಿಸಿ ತುಣುಕು ತೆಗೆದಾಗ, ಮೊದಲು ಆರೋಗ್ಯವಾಗಿದ್ದ ಅವರ ಜಠರದ ಒಳಪದರದಲ್ಲಿ ನ್ಯೂಟ್ರೊಫಿಲ್‌ಗಳು ತುಂಬಿದ್ದವು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ವಾರನ್ 2024ರಲ್ಲಿ ಪರ್ತ್‌ನಲ್ಲಿ ತೀರಿಕೊಂಡರು.

ಹುಣ್ಣಿನ ಕಥೆ ಹೀಗಾಯಿತು. ಕ್ಯಾನ್ಸರಿನ ಕಥೆ? ದಕ್ಷಿಣ ಅಮೆರಿಕದ ಕೊಲಂಬಿಯಾದ ಪೆಲಾಯೋ ಕೊರ್ರಿಯಾ, ವಾರನ್‌ಗಿಂತ ಮೊದಲೇ, 1975ರಲ್ಲಿ, ಜಠರದ ಕ್ಯಾನ್ಸರ್ ಒಂದೇ ದಿನ ಹುಟ್ಟುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ ಎಂದು ತೋರಿಸಿದ್ದರು. ಮೊದಲು ಆರದ ಉರಿಯೂತ, ಆಮೇಲೆ ಆಮ್ಲ ಸುರಿಸುವ ಗ್ರಂಥಿಗಳು ಸವೆದುಹೋಗುವುದು, ಆಮೇಲೆ ಜಠರದ ಒಳಪದರ ಕರುಳಿನ ಒಳಪದರದಂತೆ ವೇಷ ಬದಲಿಸುವುದು, ಆಮೇಲೆ ಕೋಶಗಳ ಅಡ್ಡಾದಿಡ್ಡಿ ಬೆಳವಣಿಗೆ, ಕೊನೆಗೆ ಕ್ಯಾನ್ಸರ್. ಈ ಮೆಟ್ಟಿಲುಗಳನ್ನು ಏರಲು ಹಲವು ದಶಕಗಳು ಹಿಡಿಯುತ್ತವೆ. ಎಲ್ಲ ಬಗೆಯ ಜಠರದ ಕ್ಯಾನ್ಸರೂ ಈ ದಾರಿಯಲ್ಲಿಯೇ ಬರುವುದಿಲ್ಲ ನಿಜ. ಆದರೆ ಹೆಚ್ಚು ಕಂಡುಬರುವ ಬಗೆ ಇದೇ. ಮೊದಲ ಮೆಟ್ಟಿಲಿಗೆ ಕೈಹಿಡಿದು ಹತ್ತಿಸುವುದು ಯಾವುದು ಎಂಬುದಕ್ಕೆ ವಾರನ್ ಮತ್ತು ಮಾರ್ಷಲ್ ಉತ್ತರ ಕೊಟ್ಟರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಬ್ಯಾಕ್ಟೀರಿಯಾವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2001ರಲ್ಲಿ ಜಪಾನಿನ ಉಎಮುರಾ ಮತ್ತು ಸಂಗಡಿಗರು 1,526 ರೋಗಿಗಳನ್ನು ಸರಾಸರಿ 7.8 ವರ್ಷ ಗಮನಿಸಿ ವರದಿ ಕೊಟ್ಟರು: ಸೋಂಕಿದ್ದ 1,246 ಜನರಲ್ಲಿ 36 ಮಂದಿಗೆ ಕ್ಯಾನ್ಸರ್ ಬಂತು, ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಇಲ್ಲ.

ಇಲ್ಲಿ ನೀವು ಕೇಳಬಹುದು: ತಳವಾರರು ಓಡಿಬಂದರಲ್ಲ, ಕಳ್ಳನನ್ನು ಯಾಕೆ ಹಿಡಿಯಲಿಲ್ಲ? ಹಿಡಿಯಲು ಆಗಲಿಲ್ಲ. ಈ ಬ್ಯಾಕ್ಟೀರಿಯಾ ಜಠರದ ಲೋಳೆಯಲ್ಲಿ ಮುಳುಗಿ ಕುಳಿತಿರುತ್ತದೆ. ರಕ್ತದಿಂದ ಬಂದ ಕಣಗಳು ಬಹುಮಟ್ಟಿಗೆ ಗೋಡೆಯ ಈಚೆಗೇ ಉಳಿಯುತ್ತವೆ. ಭಕ್ಷಕ ಕಣಗಳು ಶತ್ರುವನ್ನು ಗುರುತಿಸುವುದು ಬ್ಯಾಕ್ಟೀರಿಯಾದ ಹೊರಕವಚ ಮತ್ತು ಬಾಲದ ಪ್ರೋಟೀನುಗಳನ್ನು ಮುಟ್ಟಿ ನೋಡಿ. ಆ ಗುರುತಿನ ಕೆಲಸವನ್ನು ಬಯಲಿಗೆ ತಂದ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬಾಯ್ಟ್ಲರ್‌ಗೆ 2011ರಲ್ಲಿ ನೊಬೆಲ್ ಸಂದಿತು. ಹೆಲಿಕೋಬ್ಯಾಕ್ಟರ್ ತನ್ನ ಕವಚವನ್ನೂ ಬಾಲವನ್ನೂ ಸುಲಭವಾಗಿ ಗುರುತಾಗದಂತೆ ಮಾರ್ಪಡಿಸಿಕೊಂಡಿದೆ. ಸಾಲದೆಂಬಂತೆ, ಬಿಳಿ ಕಣಗಳು ಉಗುಳುವ ವಿಷವನ್ನು ನಿರ್ವೀರ್ಯಗೊಳಿಸುವ ಕಿಣ್ವಗಳೂ ಅದರ ಬಳಿ ಇವೆ. ಅಷ್ಟರ ಮೇಲೆ ಅದರ ಕೆಲವು ತಳಿಗಳು ಪಿಚಕಾರಿಯಂಥ ಸಾಧನದಿಂದ ಜಠರದ ಕೋಶದೊಳಕ್ಕೆ ‘ಕ್ಯಾಗ್ ಎ’ ಎಂಬ ಪ್ರೋಟೀನನ್ನು ಚುಚ್ಚಿಬಿಡುತ್ತವೆ. ಅಂಥ ತಳಿಗಳಿದ್ದಲ್ಲಿ ಉರಿಯೂತ ಇನ್ನೂ ಜೋರು.

ಹೀಗಾಗಿ ಶತ್ರು ಸಾಯುವುದಿಲ್ಲ, ಯುದ್ಧ ನಿಲ್ಲುವುದಿಲ್ಲ. ನ್ಯೂಟ್ರೊಫಿಲ್‌ಗಳು ಆಮ್ಲಜನಕದ ಉಗ್ರ ರೂಪಗಳನ್ನು ಉಗುಳುತ್ತಲೇ ಇರುತ್ತವೆ. ಬ್ಯಾಕ್ಟೀರಿಯಾಕ್ಕೆ ತಾಗದ ಆ ಬೆಂಕಿ ಪಕ್ಕದ ಜಠರಕೋಶಗಳ ಡಿಎನ್‌ಎಗೆ ತಾಗುತ್ತದೆ. ಸತ್ತ ಕೋಶಗಳ ಜಾಗ ತುಂಬಲು ಉಳಿದವು ಅವಸರದಲ್ಲಿ ವಿಭಜಿಸುತ್ತವೆ. ಅವಸರದ ನಕಲಿನಲ್ಲಿ ತಪ್ಪುಗಳು ಉಳಿದುಕೊಳ್ಳುತ್ತವೆ. ಒಂದು ವಾರದ ಗಾಯಕ್ಕೆ ಇದು ಲೆಕ್ಕವಲ್ಲ. ಬಾಲ್ಯದಲ್ಲಿ ಹೊಕ್ಕ ಸೋಂಕು ಮುಪ್ಪಿನವರೆಗೆ ಇದ್ದರೆ?

ಮಹಾಭಕ್ಷಕ ಕಣಗಳ ಪಾಲು ಇನ್ನೂ ಸೂಕ್ಷ್ಮವಾದದ್ದು. ಅವು ಹೊರಸೂಸುವ ‘ಇಂಟರ್‌ಲ್ಯೂಕಿನ್ 1 ಬೀಟಾ’ ಎಂಬ ಸಂದೇಶದ್ರವ್ಯ ಉರಿಯೂತವನ್ನು ಹೆಚ್ಚಿಸುವುದರ ಜೊತೆಗೆ ಜಠರದ ಆಮ್ಲವನ್ನೂ ಬಲವಾಗಿ ತಗ್ಗಿಸುತ್ತದೆ. ಆಮ್ಲ ತಗ್ಗಿದ ಜಠರದಲ್ಲಿ ಸೋಂಕು ಮೇಲಿನ ಭಾಗಕ್ಕೂ ಹಬ್ಬುತ್ತದೆ, ಗ್ರಂಥಿಗಳು ಸವೆಯುತ್ತವೆ. 2000ದಲ್ಲಿ ಎಮಾದ್ ಎಲ್-ಓಮರ್ ಮತ್ತು ಸಂಗಡಿಗರು ಸ್ಕಾಟ್ಲೆಂಡ್ ಮತ್ತು ಪೋಲೆಂಡಿನ ಜನರನ್ನು ಪರೀಕ್ಷಿಸಿ, ಈ ದ್ರವ್ಯವನ್ನು ಹೆಚ್ಚಾಗಿ ಸುರಿಸುವ ವಂಶವಾಹಿ ಇರುವವರಲ್ಲಿ ಜಠರದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ತೋರಿಸಿದರು. ಬ್ಯಾಕ್ಟೀರಿಯಾ ಒಂದೇ ಆದರೂ ಅತಿಯಾಗಿ ಕೆರಳುವ ಕಾವಲು ಇರುವವನಿಗೆ ಅಪಾಯ ಜಾಸ್ತಿ! 2008ರಲ್ಲಿ ಅಮೆರಿಕದ ಟಿಮೊತಿ ವಾಂಗ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜಠರದಲ್ಲಿ ಈ ದ್ರವ್ಯ ಸದಾ ಉತ್ಪತ್ತಿಯಾಗುವಂತೆ ಮಾರ್ಪಡಿಸಿದ ಇಲಿಗಳಿಗೆ ಯಾವ ಬ್ಯಾಕ್ಟೀರಿಯಾವನ್ನೂ ಕೊಡಲಿಲ್ಲ. ಆದರೂ ಅವುಗಳಿಗೆ ಉರಿಯೂತ ಬಂತು, ಕೆಲವಕ್ಕೆ ಕ್ಯಾನ್ಸರೂ ಬಂತು. ಕಳ್ಳನಿಲ್ಲದ ಊರಿನಲ್ಲಿ ತಳವಾರರ ದಾಂಧಲೆಯೊಂದೇ ಸಾಕಾಯಿತು. ವಿರ್ಶೋ ಅವರ ಊಹೆಗೆ ಇದಕ್ಕಿಂತ ನೇರವಾದ ಪುರಾವೆ ನನಗೆ ಗೊತ್ತಿಲ್ಲ.

ಕೊರ್ರಿಯಾ ಅವರ ದೇಶದ ಇನ್ನೊಂದು ಸಂಗತಿ ಸ್ವಾರಸ್ಯದ್ದು. ಆಂಡಿಸ್ ಪರ್ವತದ ಮೇಲಿನ ಹಳ್ಳಿಗಳಲ್ಲಿ ಜಠರದ ಕ್ಯಾನ್ಸರ್ ಬಹಳ. ಕೆಳಗೆ ಕಡಲತೀರದ ತುಮಾಕೊ ಸೀಮೆಯಲ್ಲಿ ಬಹಳ ಕಡಿಮೆ. ಸೋಂಕು ಮಾತ್ರ ಎರಡೂ ಕಡೆ ಸರಿಸುಮಾರು ಒಂದೇ. ಕಡಲತೀರದ ಮಕ್ಕಳಲ್ಲಿ ಜಂತುಹುಳು ಹೆಚ್ಚು ಎಂದು ಕಂಡುಬಂತು. ಅಮೆರಿಕದ ಜೇಮ್ಸ್ ಫಾಕ್ಸ್ ತಂಡ 2000ದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಹೊಟ್ಟೆಹುಳು ಇದ್ದ ಇಲಿಗಳ ಜಠರ ಅಷ್ಟಾಗಿ ಸವೆಯಲಿಲ್ಲ. ಹುಳು ದೇಹದ ಕಾವಲಿನ ಉಗ್ರತೆಯನ್ನು ತಣ್ಣಗಾಗಿಸಿತ್ತು. ಇದನ್ನು ಓದಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುವುದನ್ನು ಬಿಡಬೇಡಿ! ವಂಶ, ಆಹಾರ, ಬ್ಯಾಕ್ಟೀರಿಯಾದ ತಳಿ, ಇವೂ ಆ ವ್ಯತ್ಯಾಸದಲ್ಲಿ ಪಾಲುದಾರರು.

ನಮ್ಮ ದೇಶದ ಒಗಟೂ ಇಂಥದೇ. ಭಾರತದಲ್ಲಿ ಈ ಸೋಂಕು ಬಹಳ ಸಾಮಾನ್ಯ, ಆದರೆ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ಜಠರದ ಕ್ಯಾನ್ಸರ್ ಕಡಿಮೆ. ಮಿಜೋರಾಂ ಇದಕ್ಕೆ ಅಪವಾದ. ದೇಶದಲ್ಲಿಯೇ ಅತಿ ಹೆಚ್ಚು ಪ್ರಮಾಣ ಅಲ್ಲಿಯದು. ಹೊಗೆಯಾಡಿಸಿದ ಮಾಂಸ, ತಂಬಾಕಿನ ಹೊಗೆ ಹಾಯಿಸಿದ ನೀರಿನ ಬಳಕೆ ಮೊದಲಾದವನ್ನು ಸಂಶೋಧಕರು ಕಾರಣವಾಗಿ ಹೆಸರಿಸುತ್ತಾರೆ. ದಕ್ಷಿಣದ ಲೆಕ್ಕವೂ ತೀರ ನಿಶ್ಚಿಂತೆಯದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಲ್ಲಿ ಆರಂಭವಾದ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ ಹೆಸರು ಮೊದಲಿನಿಂದಲೂ ಇದೆ. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ, ಕಾರಣವಿಲ್ಲದೆ ಇಳಿಯುವ ತೂಕ, ಡಾಂಬರಿನಂತೆ ಕಪ್ಪಾದ ಮಲ, ನುಂಗಲು ತೊಡಕು, ರಕ್ತಹೀನತೆ: ಇವಿದ್ದರೆ ಔಷಧಿ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತ ಕೂರದೆ ವೈದ್ಯರ ಬಳಿ ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ಸೋಂಕನ್ನು ಕೆಲವು ವಾರಗಳ ಔಷಧದಿಂದ ತೆಗೆಯಬಹುದು. ತೈವಾನಿಗೆ ಸೇರಿದ ಮಾತ್ಸು ದ್ವೀಪಗಳಲ್ಲಿ 2004ರಿಂದ ಜನರನ್ನೆಲ್ಲ ಪರೀಕ್ಷಿಸಿ ಸೋಂಕು ತೆಗೆಯುತ್ತ ಬಂದರು. ಅಲ್ಲಿ ಜಠರದ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತೆಂದು 2021ರಲ್ಲಿ ವರದಿಯಾಯಿತು. ಬೆಂಕಿ ಆರಿದರೆ ತಳವಾರರೂ ಮನೆಗೆ ಮರಳುತ್ತಾರೆ.

ಗಡ್ಡೆ ಬೆಳೆದುಬಿಟ್ಟ ಮೇಲೆ ಏನಾಗುತ್ತದೆ? ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳನ್ನು ವಾಸಿಯಾಗದ ಗಾಯಗಳಿಗೆ ಹೋಲಿಸಿದರು. ಗಾಯ ಮಾಯುವಾಗ ಮಹಾಭಕ್ಷಕ ಕಣಗಳು ಎರಡನೆಯ ವೇಷ ತೊಡುತ್ತವೆ: ಕಸ ಗುಡಿಸುತ್ತವೆ, ಹೊಸ ರಕ್ತನಾಳ ಬೆಳೆಸುತ್ತವೆ, ಜಗಳ ಸಾಕೆಂದು ಉಳಿದ ಕಣಗಳನ್ನು ಸುಮ್ಮನಾಗಿಸುತ್ತವೆ. ಕ್ಯಾನ್ಸರ್ ಗಡ್ಡೆ ಈ ಒಳ್ಳೆಯ ಗುಣವನ್ನೇ ಬಳಸಿಕೊಳ್ಳುತ್ತದೆ. ಗಡ್ಡೆಗೆ ರಕ್ತ ಹರಿಸಲು ನಾಲೆ ತೋಡುವವರಲ್ಲಿ ಈ ಕಣಗಳೂ ಸೇರುತ್ತವೆ. ನ್ಯೂಟ್ರೊಫಿಲ್‌ಗಳೂ ಹೀಗೆ ಪಕ್ಷ ಬದಲಿಸುತ್ತವೆ. ಜಠರದ ಗಡ್ಡೆಯೊಳಗಿನ ನ್ಯೂಟ್ರೊಫಿಲ್‌ಗಳು ಸಾಮಾನ್ಯಕ್ಕಿಂತ ಹೆಚ್ಚು ಕಾಲ ಬದುಕಿ, ತರಬೇತಿ ಪಡೆದ ಸೈನ್ಯವಾದ ಟಿ ಕಣಗಳ ಕೈಕಟ್ಟುತ್ತವೆ ಎಂದು 2017ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದರು.

ಮೆಚ್ನಿಕಾಫರ ಕಡೆಗೂ ಸಾಕ್ಷಿಗಳಿವೆ. 1975ರಲ್ಲಿ ಸ್ವೀಡನ್ನಿನ ಕೀಸ್ಲಿಂಗ್, ಕ್ಲೈನ್ ಮತ್ತು ಸಂಗಡಿಗರು, ಅಮೆರಿಕದಲ್ಲಿ ಹರ್ಬರ್ಮನ್ ಅವರ ತಂಡ, ಒಂದು ಹೊಸ ಬಗೆಯ ಕಣವನ್ನು ಗುರುತಿಸಿದರು. ಯಾವ ಪೂರ್ವಪರಿಚಯವೂ ಇಲ್ಲದೆ ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಅದಕ್ಕೆ ಸಹಜ ಹಂತಕ ಕಣ ಎಂಬ ಹೆಸರಾಯಿತು. ಜಠರದ ಗಡ್ಡೆಯೊಳಗೆ ಈ ಕಣಗಳು ಹೆಚ್ಚಾಗಿದ್ದ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು ಜಪಾನಿನ ಶಸ್ತ್ರವೈದ್ಯರು 2000ದಲ್ಲಿ ಕಂಡುಕೊಂಡರು. ತೊಂದರೆ ಏನೆಂದರೆ, ರೋಗ ಬಲಿತಂತೆ ಗಡ್ಡೆಯೊಳಗೆ ಇವುಗಳ ಸಂಖ್ಯೆಯೂ ಶಕ್ತಿಯೂ ಕುಗ್ಗುತ್ತವೆ.

ಕುಗ್ಗಿದ ಈ ಕಣಗಳಿಗೆ ಶತ್ರುವನ್ನು ಬೆರಳಿಟ್ಟು ತೋರಿಸುವ ಔಷಧಗಳು ಬಂದಿವೆ. ಜಠರದ ಕೆಲವು ಗಡ್ಡೆಗಳ ಕೋಶಗಳ ಮೇಲೆ ‘ಹರ್ 2’ ಎಂಬ ಪ್ರೋಟೀನ್ ದಟ್ಟವಾಗಿರುತ್ತದೆ. ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧದ ಒಂದು ತುದಿ ಅದನ್ನು ಕಚ್ಚಿಕೊಂಡು ಅದರ ಬೆಳವಣಿಗೆಯ ಸೂಚನೆಗಳನ್ನು ತಡೆಯುತ್ತದೆ. ಇನ್ನೊಂದು ತುದಿಯನ್ನು ಸಹಜ ಹಂತಕ ಕಣ ಹಿಡಿದುಕೊಂಡು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೋಗ ಬಲಿತಿದ್ದ ಇಂಥವರ ಮಧ್ಯಮ ಆಯುಸ್ಸು ಬರಿಯ ಕೀಮೋಥೆರಪಿಯಲ್ಲಿ 11.1 ತಿಂಗಳಿದ್ದದ್ದು ಈ ಔಷಧ ಸೇರಿಸಿದಾಗ 13.8 ತಿಂಗಳಾಯಿತು. ಎರಡೂ ಮುಕ್ಕಾಲು ತಿಂಗಳಿನಷ್ಟು ಗಳಿಕೆ. ಅದು ಸಣ್ಣದೋ ದೊಡ್ಡದೋ ಎಂದು ಆ ಮನೆಯವರೇ ಹೇಳಬೇಕು. ಕ್ಲಾಡಿನ್ 18.2 ಎಂಬ ಇನ್ನೊಂದು ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಜೊಲ್ಬೆಟುಕ್ಸಿಮ್ಯಾಬ್ ಔಷಧಕ್ಕೆ 2024ರ ಮಾರ್ಚ್ ತಿಂಗಳಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಗುರುತು ಹಚ್ಚುವುದಷ್ಟೇ ಔಷಧದ ಪಾಲು. ಕೊಲ್ಲುವ ಕೆಲಸಕ್ಕೆ ಬರಬೇಕಾದವು ರೋಗಿಯದೇ ಸಹಜ ಹಂತಕ ಕಣಗಳು ಮತ್ತು ಅದೇ ಜನ್ಮಜಾತ ಕಾವಲಿಗೆ ಸೇರಿದ, ರಕ್ತದಲ್ಲಿ ಹರಿಯುವ ಕಾಂಪ್ಲಿಮೆಂಟ್ ಪ್ರೋಟೀನುಗಳು.